ಬಲೆಯಕ್ಕನ ಬೆಳಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಏಳುತ್ತಿರುವ ಕಟ್ಟಡದ ನಡುವೆ ಚಾಚಿ ಕಟ್ಟಿದ ಬಲೆಯ ಅಂಚಿನಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕೂತ ಹೆಂಗಸೊಬ್ಬರು ನಿನ್ನೆ ಮೇಲಿಂದ ಬಿದ್ದದ್ದನ್ನೆಲ್ಲ ಹೆಕ್ಕುತ್ತಿದ್ದಾರೆ. ಬೋಲ್ಟು, ಇಟ್ಟಿಗೆ ಚೂರು, ಯಾರದೋ ಊಟದ ಡಬ್ಬಿಯ ಮುಚ್ಚಳ. ಬಲೆ ಎಲ್ಲಾದರೂ ಹರಿದಿದ್ದರೆ ಹಗ್ಗ ಸೇರಿಸಿ ಗಂಟು ಹಾಕುತ್ತಾರೆ. ಕೆಲಸದವರ ಬಾಯಲ್ಲಿ ಇವರು ಬಲೆಯಕ್ಕ. ಮಂಡಿ ಹಿಡಿದುಕೊಂಡಿದೆ, ಬೆರಳು ಮರಗಟ್ಟಿವೆ. "ಏಳೋವಾಗ್ಲೇ ಸುಸ್ತು ನೋಡಿ. ದುಡಿದ ಮೇಲಿಂದು ಬೇರೆ," ಎಂದು ನಗುತ್ತಾರೆ.

ಅವರನ್ನು ಈ ಕೆಲಸಕ್ಕೆ ಎಳೆತಂದದ್ದು ಗಂಡನಿಗೆ ಬಿದ್ದ ಏಟು. ಗಾರೆ ಕೆಲಸದ ಗಂಡ ಹಿಂದೆ ಬೇರೊಂದು ಕಟ್ಟಡದಲ್ಲಿ, ಬಲೆ ಇದೆಯಲ್ಲ ಎಂಬ ಧೈರ್ಯದ ಮೇಲೆ ಕೆಳಗೆ ನಿಂತಿದ್ದರು. ಮಹಡಿ ಮೇಲೆ ಮಹಡಿ ಏರಿತ್ತು, ಬಲೆ ಮಾತ್ರ ಮೊದಲು ಕಟ್ಟಿದಲ್ಲೇ ಉಳಿದಿತ್ತು. ಹತ್ತಿರದಿಂದ ಬಿದ್ದ ಸುತ್ತಿಗೆಗಳನ್ನೆಲ್ಲ ತಡೆದಿದ್ದ ಆ ಬಲೆಯನ್ನು, ತುದಿ ಮಹಡಿಯಿಂದ ಬಿದ್ದ ಅಂಥದ್ದೇ ಸುತ್ತಿಗೆ ಹರಿದುಕೊಂಡು ಬಂದು ಗಂಡನ ಭುಜ ಮುರಿಯಿತು. ಇವತ್ತಿಗೂ ಅವರ ಬಲಗೈ ತಲೆಯವರೆಗೆ ಏಳುವುದಿಲ್ಲ. ತಲೆ ಬಾಚುವುದು ಬಲೆಯಕ್ಕನೇ.

ಕೆಲಸಕ್ಕೆ ಹೊಸಬರು ಬಂದರೆ ಬಲೆಯಕ್ಕ ಮೊದಲು ಒದ್ದೆ ಮರಳಿನ ಗುಡ್ಡೆಯ ಹತ್ತಿರ ಕರೆದೊಯ್ಯುತ್ತಾರೆ. ಬೋಲ್ಟೊಂದನ್ನು ಮೊಣಕಾಲೆತ್ತರದಿಂದ ಬಿಡುತ್ತಾರೆ. ಆಮೇಲೆ ಅದನ್ನೇ ಏಣಿ ಹತ್ತಿ ಬಿಡುತ್ತಾರೆ. ಮರಳಲ್ಲಿ ಆದ ಎರಡೂ ಕುಳಿಗೆ ಹೊಸಬರು ಬೆರಳಿಟ್ಟು ನೋಡಬೇಕು. "ಬೋಲ್ಟಿನ ತೂಕ ಅಷ್ಟೇ ಇದೆ. ಆದ್ರೆ ಬೀಳ್ತಿರೋವಷ್ಟು ಹೊತ್ತೂ ಭೂಮಿ ಎಳೀತಾನೇ ಇರುತ್ತೆ, ವೇಗ ಏರ್ತಾನೇ ಹೋಗುತ್ತೆ. ದಾರಿ ಉದ್ದ ಆದಷ್ಟೂ ಏಟು ಜೋರು."

ಕಟ್ಟಡ ಉದ್ಘಾಟನೆಯಾಗುವ ದಿನ ಬಲೆಯ ನೆನಪು ಯಾರಿಗೂ ಇರುವುದಿಲ್ಲ. ಅಷ್ಟು ಹೊತ್ತಿಗೆ ಅದನ್ನು ಮಡಚಿ ಬೇರೆ ಕಡೆ ಸಾಗಿಸಿರುತ್ತಾರೆ, ಜೊತೆಗೆ ಬಲೆಯಕ್ಕನನ್ನೂ.

ಇವತ್ತು ಮೇಲೆ ಹೊಸ ಮಹಡಿಯ ಕೆಲಸ ಶುರು. ಬಲೆ ಇನ್ನೂ ಕೆಳಗೇ ಇದೆ. ಅದರ ನೇರ ಕೆಳಗೆ ಸಿಮೆಂಟು ಕಲಸುವವಳು ಬಲೆಯಕ್ಕನ ಸೊಸೆ. ಮೇಸ್ತ್ರಿಗೆ ಅವಸರ.

"ನಾಳೆ ಎತ್ತಿ ಕಟ್ಟೋಣ ಅಕ್ಕಾ. ಇವತ್ತೊಂದಿನ ಏನಾಗುತ್ತೆ?"

"ಹಾಗಾದ್ರೆ ಇವತ್ತೊಂದಿನ ನೀವು ಕೆಳಗೆ ನಿಂತು ಕಲಸಿ. ಅವಳು ಮೇಸ್ತ್ರಿ ಆಗ್ಲಿ."

ಮೇಸ್ತ್ರಿ ತಲೆ ಕೆರೆದುಕೊಂಡು ತಾವೇ ಹಗ್ಗಕ್ಕೆ ಕೈ ಹಾಕುತ್ತಾರೆ. ಮೇಲಿನ ಕೆಲಸ ಅರ್ಧ ದಿನ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಲೆ ಹೊಸ ಮಹಡಿಯ ಬುಡಕ್ಕೆ ಏರಿದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಲೆಯಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ. "ಒಂದು ದಿನ ಬೆಳಿಗ್ಗೆ ಬಂದಾಗ ಬಲೆ ಖಾಲಿ ಇರ್ಬೇಕು. ಅವತ್ತು ವಾಪಸ್ ಮನೆಗೆ ಹೋಗಿ ಹೊದ್ದು ಮಲಗಿಬಿಡ್ತೀನಿ."

ಅಷ್ಟರಲ್ಲಿ ಮೇಲಿಂದ ಏನೋ ಬಿದ್ದು ಬಲೆ ಸಣ್ಣಗೆ ಅದುರುತ್ತದೆ. ಕೆಳಗೆ ಸೊಸೆ ತಲೆಯೆತ್ತಿ ಕೂಡ ನೋಡದೆ ಸಿಮೆಂಟು ಕಲಸುತ್ತಿದ್ದಾಳೆ.