ನೀನು ಹೇಳಿದ್ದೇ ಸರಿ, ಮುಂದೆ?

ನಮ್ಮೂರಿನ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಗಣಿತ ಬಾರದ ಮಕ್ಕಳಿಗೆ ಭವಿಷ್ಯವಿಲ್ಲ ಎಂದು ನಮ್ಮ ಅಮ್ಮಂದಿರು ನಂಬಿದ್ದರು. ವಾದ ಮಾಡುತ್ತೇನೆಂದು ಒಬ್ಬ ಟ್ಯೂಷನ್ ಮೇಷ್ಟರು ನನ್ನನ್ನು ಆಗಲೇ ಹೊರಗಟ್ಟಿದ್ದರು. "ಇಲ್ಲೂ ಬಾಯಿ ಮಾಡಿದ್ರೆ ಡಿಬೇಟ್ ಟೀಮ್ ಬಿಡಿಸ್ತೀನಿ" ಎಂದು ಎಚ್ಚರಿಸಿ, ಅಮ್ಮ ನನ್ನನ್ನು ಲೇಕ್ ಮಾರ್ಕೆಟ್‌ನ ಉಡುಪಿ ಆಂಟಿಯ ಅಡುಗೆಮನೆಗೆ ಕರೆತಂದಳು. ಪಾಠ ಮುಗಿಯುವವರೆಗೂ ಕಾವಲಿಗೆ ಪಕ್ಕದಲ್ಲೇ ಕೂರುತ್ತಿದ್ದಳು.

ಆಂಟಿ ಬಂಗಾಳಿಗಳ ಮೆಚ್ಚಿನ ತರಕಾರಿ ಪಟೋಲ್ ಹೆರೆಯುತ್ತಾ ಪಾಠ ಹೇಳುತ್ತಿದ್ದರು. ನಾನೇನೇ ಅಡ್ಡ ಮಾತಾಡಿದರೂ ಅವರ ಉತ್ತರ ಒಂದೇ.

"ಮೂರಕ್ಕೆ ರೂಟ್ ಎರಡು ಕೂಡಿಸಿದ್ರೆ ಇರ್ರ್ಯಾಷನಲ್ ಅಂತ ಯಾಕೆ ಒಪ್ಪಬೇಕು? ರ್ಯಾಷನಲ್ ಅಂತೀನಿ ನಾನು."

"ನೀನು ಹೇಳಿದ್ದೇ ಸರಿ ಮಾರಾಯ್ತಿ. ಮುಂದೆ? ಅದರಿಂದ ಮೂರು ಕಳಿ."

ರ್ಯಾಷನಲ್‌ನಿಂದ ರ್ಯಾಷನಲ್ ಕಳೆದರೆ ರ್ಯಾಷನಲ್ಲೇ ಉಳಿಯಬೇಕು. ಉಳಿದದ್ದು ಬರೀ ರೂಟ್ ಎರಡು; ಅದು ಇರ್ರ್ಯಾಷನಲ್ ಎಂಬುದರಲ್ಲಿ ನನಗೂ ತಕರಾರಿರಲಿಲ್ಲ. ಎದುರಾಳಿಗೆ ಏನನ್ನೂ ಬಿಟ್ಟುಕೊಡಬಾರದೆಂದು ಕಲಿತವಳನ್ನು ಅವರು ಎಲ್ಲವನ್ನೂ ಬಿಟ್ಟುಕೊಟ್ಟೇ ಸೋಲಿಸಿದ್ದರು. ಇಂದಿಗೂ ನಾನು ಗೆಲ್ಲುವ ವಾದಗಳೆಲ್ಲ ಆ ಅಡುಗೆಮನೆಯವೇ.

"ಗುಣಿಸಿದ್ರೂ ಹಾಗೇ," ಎಂದರು ಆಂಟಿ. "ರ್ಯಾಷನಲ್ಲನ್ನು ಇರ್ರ್ಯಾಷನಲ್‌ನಿಂದ ಗುಣಿಸಿದ್ರೆ ಯಾವಾಗ್ಲೂ ಇರ್ರ್ಯಾಷನಲ್."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನನ್ನ ತೊಡೆ ಚಿವುಟಿದಳು. ಆದರೂ ಕೇಳಿದೆ: "ಸೊನ್ನೆಯೂ ರ್ಯಾಷನಲ್ ತಾನೇ? ಅದರಿಂದ ಗುಣಿಸಿದ್ರೆ ಸೊನ್ನೆಯೇ ಅಲ್ವಾ?"

ಹೆರೆಯುವ ಕೈ ನಿಂತಿತು.

"ಬಾಯ್ಮುಚ್ಚೇ!" ಎಂದಳು ಅಮ್ಮ.

"ಅವಳ ಬಾಯಿ ಮುಚ್ಚಿಸ್ಬೇಡಿ ಮಾರ್ರೆ," ಎಂದು ಆಂಟಿ ನಕ್ಕರು. "ಸೊನ್ನೆ ಬಿಟ್ಟು ಅಂತ ನಾನು ಹೇಳ್ಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ನೀನು ಹೇಳಿದ್ದೇ ಸರಿ," ಎಂದರು.

ನಾನು ಕಾದೆ. ಅವರು 'ಮುಂದೆ?' ಎನ್ನಲಿಲ್ಲ.