ಮೈದುನನ ಒಂಬತ್ತು ವರ್ಷದ ಬ್ಯಾಕಪ್

ಆಫೀಸಿನಲ್ಲಿ ಅವನ ಸ್ವಂತ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಮುಖ್ಯ ಅಧಿಕಾರಿಯ ಹೆಂಡತಿಯ ತಮ್ಮ ಎಂಬುದಷ್ಟೇ ಅವನ ಅರ್ಹತೆ. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವನು ‘ಮೈದುನ’. ಕೈ ಕೆಸರಾದರೆ ಬಾಯಿ ಮೊಸರಂತೆ. ಈ ಪುಣ್ಯಾತ್ಮನಿಗೆ ಕೈ ಒಣಗಿದ್ದಾಗಲೇ ಮೊಸರು ಬಂದಿತ್ತು. ಕೆಲಸ ಸಿಕ್ಕಿದ್ದು ಭಾವನ ಒಂದು ಫೋನಿನಿಂದ, ದೂರದೂರಿಗೆ ಆದ ವರ್ಗ ರದ್ದಾದದ್ದು ಇನ್ನೊಂದು ಫೋನಿನಿಂದ. ಈ ತಿಂಗಳ ಕೊನೆಗೆ ಭಾವ ನಿವೃತ್ತರಾಗುವವರು. ಆ ಕುರ್ಚಿ ತನಗೇ ಎಂದು ಅಕ್ಕನಿಗೆ ಹೇಳಿಯೂ ಆಗಿತ್ತು. ನಡುವೆ ಇದ್ದದ್ದು ಒಂದು ತಪಾಸಣೆ ಮಾತ್ರ.

ಊರಿನ ಫೋನುಗಳನ್ನೆಲ್ಲ ನಡೆಸುವ ನಲವತ್ತೆರಡು ಯಂತ್ರಗಳು ಅವನ ಪಾಲಿಗಿದ್ದವು. ಯಾವ ಲೈನು ಯಾವ ದಾರಿ ಹಿಡಿಯಬೇಕೆಂಬುದೆಲ್ಲ ಪ್ರತಿ ಯಂತ್ರದ ಕಾನ್ಫಿಗರೇಶನ್ ಫೈಲಿನಲ್ಲಿರುತ್ತದೆ. ಯಂತ್ರ ಕೆಟ್ಟರೆ, ಬದಲಿಗೆ ತಂದದ್ದಕ್ಕೆ ಆ ಫೈಲಿನ ಪ್ರತಿ, ಅಂದರೆ ಬ್ಯಾಕಪ್, ತುಂಬಿದರಾಯಿತು. ಲೈನುಗಳು ಸೇರುತ್ತ, ಬದಲಾಗುತ್ತ ಇರುತ್ತವೆ; ಅದಕ್ಕೇ ದಿನವೂ ಒಂದೊಂದು ಯಂತ್ರಕ್ಕೂ ಲಾಗಿನ್ ಆಗಿ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಮೈದುನ ಒಂದು ವಾರ ಮಾಡಿದ. ಎಂಟನೆಯ ದಿನ ನಿನ್ನೆಯ ಫೋಲ್ಡರನ್ನೇ ಕಾಪಿ ಮಾಡಿ, ಇವತ್ತಿನ ತಾರೀಖು ಹಾಕಿ, ಟೀ ಕುಡಿಯಲು ಹೋದ. ಯಾರೂ ಕೇಳಲಿಲ್ಲ. ಒಂಬತ್ತು ವರ್ಷ ಇದೇ ನಡೆಯಿತು, ನಾಚಿಕೆಗೆಟ್ಟವನು! ಯಂತ್ರಗಳ ಕೋಣೆಯ ತಂತ್ರಜ್ಞೆ ಒಮ್ಮೆ ಆ ಫೈಲು ತೆರೆದು ನೋಡಿ ಎಂದದ್ದಕ್ಕೆ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದು ಗದರಿದ್ದ.

ತಪಾಸಣೆಯ ದಿನವೇ, ಹನ್ನೊಂದು ಗಂಟೆಗೆ, ಹದಿನಾಲ್ಕನೆಯ ಯಂತ್ರ ಕೆಟ್ಟು ಕೂತಿತು. ತಂತ್ರಜ್ಞೆ ಬದಲಿ ಯಂತ್ರ ಜೋಡಿಸಿದರು. ತಪಾಸಣೆಗೆ ಬಂದ ಮೇಡಂ ಕೈಕಟ್ಟಿ ನಿಂತರು. ಮೈದುನ ಎದೆಯುಬ್ಬಿಸಿಕೊಂಡು ನಿನ್ನೆಯ ತಾರೀಖಿನ ಪ್ರತಿ ತುಂಬಿದ. ಯಂತ್ರ ಎದ್ದಿತು. ಎದ್ದು, ಒಂಬತ್ತು ವರ್ಷದ ಹಿಂದೆ ಇದ್ದ ಲೈನುಗಳನ್ನಷ್ಟೇ ಗುರುತಿಸಿತು. ಆಮೇಲೆ ಸೇರಿದ ಬಡಾವಣೆ, ಮೊಬೈಲ್ ಟವರು, ಆಫೀಸಿನ ಹೊಸ ಕಟ್ಟಡ ಎಲ್ಲವೂ ಸತ್ತು ಮಲಗಿದವು. ಯಂತ್ರವೇ ಸರಿಯಿಲ್ಲ ಎಂದ ಮೈದುನ. ಕುಣಿಯಲಾರದವನಿಗೆ ನೆಲ ಡೊಂಕು. ಮೇಡಂ ನಿನ್ನೆಯ ಫೈಲನ್ನೂ ಐದು ವರ್ಷ ಹಳೆಯದನ್ನೂ ಪಕ್ಕಪಕ್ಕ ತೆರೆದರು. ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಅಲ್ಲೇ ಕೂತು ವರದಿ ಬರೆದು, ಹೆಡ್ ಆಫೀಸಿಗೆಂದು ಕಾರು ಹತ್ತಿದರು.

ಮೈದುನ ಹೊಸ ಕಟ್ಟಡದ ಮೆಟ್ಟಿಲೇರಿ ಭಾವನ ಕೋಣೆಗೆ ಓಡಿದ. ಭಾವ ಎಲ್ಲ ಕೇಳಿ ಬಾಯಿಗೆ ಬಂದಂತೆ ಬೈದರು. ಬೈದು ಮುಗಿದ ಮೇಲೆ, ಹೆಂಡತಿಯ ಮುಖ ನೆನಪಾಯಿತೇನೋ, ಮೆತ್ತಗಾದರು.

“ಸರಿ ಬಿಡು. ಆಯಮ್ಮ ಅಲ್ಲಿಗೆ ಹೋಗಿ ಸೇರೋದ್ರೊಳಗೆ ದೊಡ್ಡ ಸಾಹೇಬ್ರಿಗೆ ಒಂದು ಫೋನ್ ಮಾಡ್ತೀನಿ.”

ಮೈದುನನಿಗೆ ಹೋದ ಜೀವ ಬಂತು. ಭಾವ ರಿಸೀವರ್ ಎತ್ತಿ ಕಿವಿಗಿಟ್ಟರು, ಕೆಳಗಿಟ್ಟರು, ಮತ್ತೆ ಎತ್ತಿದರು. ಮೊಬೈಲು ತೆಗೆದು ಕಿಟಕಿಯ ಬಳಿ ಹಿಡಿದು ನೋಡಿದರು.

“ಲೈನೇ ಇಲ್ವಲ್ಲೋ. ನನ್ನ ಫೋನು ಯಾವ ಯಂತ್ರದ್ದು?”

“ಅದೇ, ಭಾವ.”