ಮನೆಯವರ ಕಣ್ಣು

ನಮ್ಮ ಮನೆತನದಲ್ಲಿ ಯಾರಿಗೆ ದೃಷ್ಟಿಯಾದರೂ ತೆಗೆಯುವವಳು ನಾನೇ. ಅತ್ತೆ ಸಾಯುವ ಮುಂಚೆ ಆ ಕೆಲಸವನ್ನು ಹಿರಿಸೊಸೆಯಾದ ನನಗೆ ಒಪ್ಪಿಸಿ ಹೋದರು. ಹರಳುಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆಯ ನಾಲ್ಕು ಕಡ್ಡಿ. ಇಷ್ಟನ್ನು ಮುಷ್ಟಿಯಲ್ಲಿ ಹಿಡಿದು, ಪೂರ್ವಕ್ಕೆ ಮುಖಮಾಡಿ ಕೂತವರಿಗೆ ಮೂರು ಸಲ ಇಳಿತೆಗೆಯಬೇಕು. ತೆಗೆಯುವಾಗ ಯಾರ್ಯಾರ ಕಣ್ಣು ಬಿದ್ದಿರಬಹುದೋ ಅವರನ್ನೆಲ್ಲ ಹೇಳಬೇಕು. ಬೀದಿಯವರ ಕಣ್ಣು, ನೆಂಟರ ಕಣ್ಣು, ಹೋಗುವವರ ಕಣ್ಣು, ಬರುವವರ ಕಣ್ಣು, ಕೊನೆಗೆ ಮನೆಯವರ ಕಣ್ಣು. ಆಮೇಲೆ ಕೂತವರಿಂದ ಮೂರು ಸಲ ಉಗಿಸಿ ಬೆಂಕಿಗೆ ಹಾಕುವುದು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಆಗಿತ್ತು ಎಂದರ್ಥ. ಎಲ್ಲರಿಗೂ ಕೆಮ್ಮು ಬಂದರೆ ಏನೂ ಆಗಿರಲಿಲ್ಲ.

ಇದನ್ನು ನಂಬುತ್ತೀಯಾ ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಆದರೆ ಹೋದ ವರ್ಷ ಈ ಕೆಲಸದಲ್ಲಿ ನಾನು ಒಂದು ಮೋಸ ಮಾಡಿದೆ. ಅದು ಮೋಸ ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಪುಟ್ಟೇನಹಳ್ಳಿಯಲ್ಲಿ ನಮ್ಮದೂ ನನ್ನ ಓರಗಿತ್ತಿಯದೂ ಅಕ್ಕಪಕ್ಕದ ಮನೆ. ಅವಳು ನನ್ನ ಮೈದುನನ ಹೆಂಡತಿ. ಇಬ್ಬರಿಗೂ ಒಬ್ಬೊಬ್ಬಳು ಮೊಮ್ಮಗಳು, ಒಂದೇ ವಯಸ್ಸು. ಇಬ್ಬರೂ ರಗ್ಬಿ ಆಡುತ್ತಾರೆ. ಕೋಳಿಮೊಟ್ಟೆಯ ಹಾಗಿರುವ ದೊಡ್ಡ ಚೆಂಡನ್ನು ಎದೆಗೆ ಅವಚಿಕೊಂಡು ಓಡುವುದು, ಓಡುವವಳನ್ನು ತಬ್ಬಿ ಕೆಡವುವುದು, ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು, ಅದೇ ಆಟ. ಇವರು ಆಡುವುದು ಒಂದು ಕಡೆಗೆ ಏಳೇ ಜನ. ಹದಿನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಬೇಳೆ ಬೇಯುವಷ್ಟು ಹೊತ್ತು.

ಮೊದಲು ಆ ಆಟಕ್ಕೆ ಸೇರಿದವಳು ನಮ್ಮವಳು. ಒಬ್ಬಳೇ ಹೋಗುವುದು ಬೇಡವೆಂದು ಪಕ್ಕದ ಮನೆಯವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ಹಿಂದೆ ಕೂತವಳೇ ಮುಂದೆ ಹೋದಳು. ದೇಶದ ತಂಡಕ್ಕೆ ಹನ್ನೆರಡು ಜನರನ್ನು ಆರಿಸಿದಾಗ ಓರಗಿತ್ತಿಯ ಮೊಮ್ಮಗಳ ಹೆಸರು ಬಂತು. ನಮ್ಮವಳದು ಅದರ ಕೆಳಗಿನ ಇನ್ನೊಂದು ಪಟ್ಟಿಯಲ್ಲಿತ್ತು. ಯಾರಿಗಾದರೂ ಏಟು ಬಿದ್ದರೆ ಕರೆಯುತ್ತಾರಂತೆ. ಮೂರು ದೇಶದಲ್ಲಿ ಮೂರು ಸಲ ಪಂದ್ಯ, ಮಧ್ಯೆ ನಾಲ್ಕು ದಿನ ಮನೆಗೆ ಬಿಡುತ್ತಾರೆ ಎಂದರು.

ನನಗೆ ಹೊಟ್ಟೆ ಉರಿಯಿತು. ಬೇರೆ ಪದ ಹುಡುಕುವುದಿಲ್ಲ. ಮೊಮ್ಮಗಳಿಗೋಸ್ಕರ ಮಾತ್ರವೂ ಅಲ್ಲ. ನಾನೂ ಚಿಕ್ಕವಳಿದ್ದಾಗ ಕೆರೆ ಏರಿಯ ಮೇಲೆ ಹುಡುಗರನ್ನು ಹಿಂದೆ ಹಾಕಿ ಓಡುತ್ತಿದ್ದೆ. ಮೈನೆರೆದ ವಾರವೇ ಅದು ನಿಂತಿತು. ಈ ಹುಡುಗಿಯರು ತೊಡೆ ಕಾಣುವ ಚಡ್ಡಿ ಹಾಕಿಕೊಂಡು ಓಡಿದರೆ ಊರು ಚಪ್ಪಾಳೆ ತಟ್ಟುತ್ತದೆ. ಅದೂ ಸಾಲದೆಂದು ಆ ಚಪ್ಪಾಳೆ ಪಕ್ಕದ ಮನೆಗೆ ಹೋಯಿತು.

ಮೊದಲನೇ ದೇಶಕ್ಕೆ ಹೊರಡುವ ಹಿಂದಿನ ದಿನ ಓರಗಿತ್ತಿ ಮೊಮ್ಮಗಳನ್ನು ಕರೆತಂದು ನನ್ನ ಮುಂದೆ ಕೂರಿಸಿದಳು.

"ಅಕ್ಕಾ, ಒಂದ್ ದಿಷ್ಟಿ ತೆಗ್ದ್ ಬಿಡಕ್ಕ. ಊರೋರ್ ಕಣ್ಣೆಲ್ಲ ಇವಳ್ ಮ್ಯಾಲೇ ಐತೆ."

ತೆಗೆದೆ. ಎಲ್ಲರ ಕಣ್ಣನ್ನೂ ಹೇಳಿದೆ, ಮನೆಯವರದ್ದನ್ನೂ ಸೇರಿಸಿ. ಹಿತ್ತಲಿನ ನೀರೊಲೆಗೆ ಹಾಕಿದರೆ ಮೆಣಸಿನಕಾಯಿ ಸುಮ್ಮನೆ ಕರಕಲಾಯಿತು. ಒಬ್ಬರೂ ಕೆಮ್ಮಲಿಲ್ಲ.

"ನೋಡಕ್ಕ, ಘಾಟೇ ಇಲ್ಲ! ಯಾವ್ ಪಾಪಿ ಕಣ್ಣೋ!" ಎಂದು ಓರಗಿತ್ತಿ ಲಟಿಕೆ ಮುರಿದಳು.

ಆ ಪಾಪಿ ಊದುಕೊಳವೆ ಹಿಡಿದು ಅವಳ ಎದುರಿಗೇ ಕೂತಿದ್ದಳು.

ಹುಡುಗಿ ಅಲ್ಲಿ ಚೆನ್ನಾಗಿ ಆಡಿದಳು. ಎರಡು ಸಲ ಗೆರೆ ದಾಟಿದಳು. ಬರುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಮುಖಂಡನೊಬ್ಬನ ಮುಖ ದೊಡ್ಡದು, ಹುಡುಗಿಯದು ಚಿಕ್ಕದು. ಚಿಕ್ಕದಾದರೇನು, ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಡಲು ಬಾಗಿಲು ತೆಗೆದರೆ ನೇರ ನನ್ನ ಕಣ್ಣಿಗೇ ಬೀಳುತ್ತಿತ್ತು. ಆ ಫ್ಲೆಕ್ಸಿನ ಹಗ್ಗ ಕಟ್ಟಲು ಏಣಿ ಹಿಡಿದವಳು ನಮ್ಮ ಮೊಮ್ಮಗಳೇ.

"ನಿಂಗೇನು ಮಾನ ಮರ್ಯಾದೆ ಇಲ್ವೇನೇ?" ಎಂದು ಕೇಳಿದೆ.

"ಯಾಕಜ್ಜಿ ಉರ್ಕೊಳ್ತೀಯಾ? ಅವಳು ಚೆನ್ನಾಗ್ ಆಡಿದ್ಲು, ಹಾಕಿದ್ರು."

"ನೀನ್ ಹೇಳ್ಕೊಟ್ಟಿದ್ ಆಟ ಅಲ್ವಾ ಅದು?"

"ಅಜ್ಜೀ, ಈ ಆಟದಲ್ಲಿ ಚೆಂಡು ಮುಂದಕ್ಕೆ ಎಸೆಯಂಗೇ ಇಲ್ಲ. ಮುಂದಿರೋಳು ಹಿಂದಿರೋಳಿಗೇ ಕೊಡ್ಬೇಕು. ರೂಲ್ಸು."

"ಹಂಗಾದ್ರೆ ಅವಳೀಗ ಮುಂದಿದಾಳೆ. ನಿಂಗೆ ಕೊಟ್ಲಾ?"

ಅವಳು ಬೂಟು ಹಾಕಿಕೊಂಡು ಮೈದಾನಕ್ಕೆ ಹೋದಳು. ಯಾರೂ ಕರೆಯದಿದ್ದರೂ ದಿನಾ ಹೋಗುತ್ತಿದ್ದಳು. ಸಂಜೆ ಮೊಣಕಾಲು ಕಿತ್ತುಕೊಂಡು ಬಂದು, ಅರಿಸಿನ ಹಚ್ಚಲು ಹೋದರೆ ಕೈ ತಳ್ಳುತ್ತಿದ್ದಳು. ಅವಳಿಗೂ ಒಳಗೆ ಸುಡುತ್ತಿತ್ತು. ನನ್ನ ಹಾಗೆ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ.

ಎರಡನೇ ದೇಶಕ್ಕೆ ಹೊರಡುವಾಗ ಓರಗಿತ್ತಿ ಮತ್ತೆ ಮೊಮ್ಮಗಳನ್ನು ಕರೆತಂದಳು. ಕೂರಿಸಿದೆ, ಇಳಿತೆಗೆದೆ. ಬೀದಿಯವರ ಕಣ್ಣು, ನೆಂಟರ ಕಣ್ಣು, ಹೋಗುವವರ ಕಣ್ಣು, ಬರುವವರ ಕಣ್ಣು. ಅಲ್ಲಿಗೆ ನಿಲ್ಲಿಸಿದೆ. ಮನೆಯವರ ಕಣ್ಣು ಎನ್ನಲಿಲ್ಲ. ಮರೆತು ಅಲ್ಲ. ಬಾಯಿಗೆ ಬಂದದ್ದನ್ನು ಎಂಜಲಿನ ಜೊತೆ ನುಂಗಿದೆ. ಒಲೆಗೆ ಹಾಕಿದ ಕೂಡಲೇ ಘಾಟು ಎದ್ದು ಎಲ್ಲರೂ ಕೆಮ್ಮಿ ಕಣ್ಣೀರು ಹಾಕಿದರು. "ಸದ್ಯ, ಏನೂ ಇಲ್ಲ" ಎಂದು ಓರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ಶನಿವಾರ ಮಧ್ಯಾಹ್ನ ಅವಳ ಮನೆಯ ಟೀವಿಯಲ್ಲಿ ಎಲ್ಲರೂ ಆಟ ನೋಡುತ್ತಿದ್ದೆವು. ಹುಡುಗಿ ಚೆಂಡು ಹಿಡಿದು ಅಂಚಿನಲ್ಲಿ ಓಡಿದಳು. ದಪ್ಪನೆಯವಳೊಬ್ಬಳು ಅಡ್ಡ ಬಂದು ಕೆಡವಿದಳು. ಬಿದ್ದವಳು ಎದ್ದಳು, ಆದರೆ ಒಂದು ಕೈ ಇನ್ನೊಂದು ಕೈಯನ್ನು ಹಿಡಿದುಕೊಂಡಿತ್ತು. ಕತ್ತಿನ ಪಕ್ಕದ ಮೂಳೆ ಮುರಿದಿತ್ತು ಎಂದು ಆಮೇಲೆ ಗೊತ್ತಾಯಿತು.

ಓರಗಿತ್ತಿ "ಅಯ್ಯೋ ಮಗಾ" ಎಂದು ಕಿರುಚಿದಳು. ನಮ್ಮ ಮೊಮ್ಮಗಳು ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನನಗೆ ಮೊದಲು ಬಂದದ್ದು ಸಂತೋಷ. ಇನ್ನು ನಮ್ಮವಳನ್ನು ಕರೆಯುತ್ತಾರೆ ಎಂದು ತಿರುಗಿ ಅವಳ ಮುಖ ನೋಡಿದೆ. ಹಾಗೆ ನೋಡುವಾಗ ಓರಗಿತ್ತಿ ನನ್ನನ್ನು ನೋಡುತ್ತಿದ್ದಳು.

ಕರೆದರು. ಎರಡನೇ ಪಟ್ಟಿಯವರಿಗೂ ಪಾಸ್‌ಪೋರ್ಟು, ವೀಸಾ ಎಲ್ಲ ಮೊದಲೇ ಮಾಡಿಸಿಟ್ಟಿದ್ದರಂತೆ. ಹೊರಡುವ ದಿನ ಮೊಮ್ಮಗಳು ತಾನಾಗಿಯೇ ಬಂದು ಪೂರ್ವಕ್ಕೆ ಮುಖಮಾಡಿ ಕೂತಳು.

"ತೆಗಿ ಅಜ್ಜಿ, ಬೇಗ. ಏರ್‌ಪೋರ್ಟಿಗೆ ಹೋಗ್ಬೇಕು."

ಉಪ್ಪು ಮೆಣಸಿನಕಾಯಿ ತೆಗೆದುಕೊಂಡೆ. ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಓರಗಿತ್ತಿ ಬಂದಳು. ಹಿಂದೆ ಅವಳ ಮೊಮ್ಮಗಳು, ಕೈಯನ್ನು ಬಟ್ಟೆಯಲ್ಲಿ ಕತ್ತಿಗೆ ತೂಗುಹಾಕಿಕೊಂಡು. ಹುಡುಗಿಯರಿಬ್ಬರೂ ಏನೂ ಆಗಿಲ್ಲ ಎನ್ನುವ ಹಾಗೆ ಮಾತಿಗಿಳಿದರು.

"ಆ ದಪ್ಪಗಿರೋಳು ಬಂದ್ರೆ ಒಳಗಡೆ ತಿರುಗ್ಬೇಡ ಕಣೇ, ಹೊರಗಡೆ ಓಡು."

"ನೀನ್ಯಾಕ್ ಓಡ್ಲಿಲ್ಲ ಮತ್ತೆ?"

"ಓಡಿದ್ರೆ ನೀನ್ ಇಲ್ಲೇ ಇರ್ತಿದ್ದೆ, ಹೋಗೇ!"

ಓರಗಿತ್ತಿ ನನ್ನ ಮುಷ್ಟಿ ಬಿಡಿಸಿ ಉಪ್ಪನ್ನು ತನ್ನ ಕೈಗೆ ಹಾಕಿಕೊಂಡಳು. "ಈ ಸಲ ನಾನ್ ತೆಗಿತೀನಿ" ಎಂದಳು. ಅವಳಿಗೆ ಅಭ್ಯಾಸವಿಲ್ಲ, ತಡವರಿಸಿಕೊಂಡು ಹೇಳಿದಳು. ಬರುವವರ ಕಣ್ಣು ಎಂದ ಮೇಲೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇದಾದ್ ಮ್ಯಾಲೆ ಇನ್ನೊಂದ್ ಐತಲ್ವಾ ಅಕ್ಕ? ಹೋದ್ಸಲ ನೀನ್ ಅದನ್ನ ಅನ್ಲಿಲ್ಲ."

"ಅನ್ಲಿಲ್ಲ" ಎಂದೆ.

"ಬೇಕಂತಲೇ?"

"ಹೂಂ. ಬೇಕಂತಲೇ."

ಓರಗಿತ್ತಿಯ ಮುಷ್ಟಿಯಿಂದ ಉಪ್ಪು ಉದುರಿತು. ನನ್ನ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡೆ, ಎಸೆದಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಎಸೆಯಲಿಲ್ಲ. ನನ್ನ ಮೊಮ್ಮಗಳ ತಲೆಯ ಸುತ್ತ ಮತ್ತೆ ಕೈ ಆಡಿಸಿ ಗಟ್ಟಿಯಾಗಿ ಹೇಳಿದಳು.

"ಮನೆಯೋರ್ ಕಣ್ಣು. ದೊಡ್ಡಜ್ಜಿ ಕಣ್ಣು. ಚಿಕ್ಕಜ್ಜಿ ಕಣ್ಣು. ಹ್ಞೂಂ, ನಂದೂ ಸೇರ್ಸಿದೀನಿ. ನಂಗೇನ್ ಉರಿಯಲ್ವಾ? ಉಗಿಯೇ ಮೂರ್ ಸಲ."

ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂರನೇ ದೇಶದಲ್ಲಿ ನಮ್ಮವಳನ್ನು ಕೊನೆಯ ಪಂದ್ಯದ ಕೊನೆಯ ಮೂರು ನಿಮಿಷಕ್ಕೆ ಇಳಿಸಿದರು. ಮತ್ತೆ ಅದೇ ಟೀವಿ, ಅದೇ ಚಾಪೆ. ಓರಗಿತ್ತಿ ಕರೆದಿರಲಿಲ್ಲ, ನಾನೇ ಹೋಗಿ ಕೂತೆ. ಬಾಗಿಲು ಹಾಕಲಿಲ್ಲ ಅವಳು. ನಮ್ಮವಳ ಕೈಗೆ ಒಮ್ಮೆ ಚೆಂಡು ಬಂತು. ಹೊರಗಡೆಯಿಂದಲೇ ಓಡಿದಳು. ಗೆರೆಗೆ ಹತ್ತು ಹೆಜ್ಜೆ ಇರುವಾಗ ಎದುರಿನವರು ಕಾಲು ತಬ್ಬಿ ಕೆಡವಿದರು. ಬೀಳುತ್ತಾ ಹಿಂದೆ ಬರುತ್ತಿದ್ದ ಇನ್ಯಾವಳಿಗೋ ಚೆಂಡು ಕೊಟ್ಟಳು. ಆ ಹುಡುಗಿ ಗೆರೆ ದಾಟಿದಳು. ಎಲ್ಲರೂ ಅವಳನ್ನೇ ಎತ್ತಿಕೊಂಡು ಕುಣಿದರು.

"ಇವಳೇ ಹೋಗ್ಬೋದಿತ್ತು. ಯಾಕ್ ಕೊಟ್ಲೋ!" ಎಂದೆ.

ಓರಗಿತ್ತಿ ನನ್ನ ಕಣ್ಣನ್ನೇ ನೋಡಿದಳು. "ಅಕ್ಕ, ಸಾಕು. ಆ ಹುಡ್ಗಿ ಯಾವೂರೋಳೋ ಏನೋ, ಅವಳಿಗ್ ದಿಷ್ಟಿ ತೆಗಿಯೋರ್ ಇದಾರೋ ಇಲ್ವೋ" ಎಂದು ನಕ್ಕಳು.

ಪಕ್ಕದಲ್ಲಿ ಅವಳ ಮೊಮ್ಮಗಳೂ ನಕ್ಕಳು, ನೋವಾಗದ ಹಾಗೆ ಮೆಲ್ಲಗೆ, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಹಿಡಿದುಕೊಂಡು. ನನಗೆ ನಗು ಬರಲಿಲ್ಲ.